ಲೈಬ್ರರಿ ಮೇಷ್ಟ್ರು ಅಟ್ಟ ಹತ್ತಲಿ

ನಮಸ್ಕಾರ. ಗ್ರಂಥಾಲಯ ವಿಜ್ಞಾನದ ಪ್ರೊಫೆಸರ್ ಅಂದ ಕೂಡಲೇ ಜನ ನಗುತ್ತಾರೆ. ಪುಸ್ತಕಕ್ಕೆ ಸೀಲ್ ಹೊಡೆಯೋಕೂ ಪಿಎಚ್.ಡಿ. ಬೇಕಾ ಅಂತ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಇದಕ್ಕೇ ಒಂದು ವಿಭಾಗ ಇದೆ ಅಂದರೆ ಶಿವಮೊಗ್ಗದವರೇ ಹುಬ್ಬೇರಿಸುತ್ತಾರೆ.

ಸರಿ, ಈ ಮೇಷ್ಟ್ರು ಮಾಡುವುದೇನು? ಒಂದು ಪುಸ್ತಕದ ಮೇಲೆ ಕುವೆಂಪು ಅಂತಿದೆ. ಇನ್ನೊಂದರ ಮೇಲೆ ಕೆ.ವಿ. ಪುಟ್ಟಪ್ಪ. ಇಬ್ಬರೂ ಒಬ್ಬರೇ ಅಂತ ತೀರ್ಥಹಳ್ಳಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಕಂಪ್ಯೂಟರ್‌ಗೆ ಹಾಗಲ್ಲ, ಯಾರಾದರೂ ಕೂತು ಹೇಳಿಕೊಡಬೇಕು. ಹೇಳದಿದ್ದರೆ ಅರ್ಧ ಪುಸ್ತಕ ಕಪಾಟಿನಲ್ಲಿದ್ದೂ ಇಲ್ಲದಂತೆ.

ಇನ್ನು ನಂಬರ್ ಕಥೆ. ಪುಸ್ತಕಗಳಿಗೆ ವಿಷಯಕ್ಕೊಂದು ನಂಬರ್ ಕೊಟ್ಟು ಜೋಡಿಸುವ ಪದ್ಧತಿಯನ್ನು ಅಮೆರಿಕದ ಗ್ರಂಥಪಾಲಕ ಡ್ಯೂಯಿ ಪ್ರಕಟಿಸಿದ್ದು 1876ರಲ್ಲಿ. ಅದರಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ 820ರಿಂದ 829, ಪೂರ್ತಿ ಹತ್ತು ಮನೆ. ಕನ್ನಡಕ್ಕೆ? 894.814. ಟರ್ಕಿ, ಹಂಗೇರಿ, ಫಿನ್‌ಲೆಂಡ್ ಭಾಷೆಗಳ ಜೊತೆ ಒಂದೇ 894ರೊಳಗೆ ಒತ್ತಿಕೊಂಡು ಕೂರಬೇಕು. ಸಿಟ್ಟು ಬರುತ್ತದೆ ಅಲ್ವಾ?

ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಬರೀ ಸಿಟ್ಟು ಮಾಡಿಕೊಂಡು ಕೂರಲಿಲ್ಲ. ಗಣಿತದ ಮೇಷ್ಟ್ರು, 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಮೊದಮೊದಲು ಬೇಜಾರಾಗಿ ಪಾಠಕ್ಕೇ ವಾಪಸ್ ಹೋಗುತ್ತೇನೆ ಅಂದವರು, 1933ಕ್ಕೆ ಪುಸ್ತಕ ಜೋಡಿಸುವ ತಮ್ಮದೇ ಪದ್ಧತಿ, ಕೋಲನ್ ವರ್ಗೀಕರಣ, ಹೊರತಂದರು. 1962ರಲ್ಲಿ ಬೆಂಗಳೂರಿನಲ್ಲಿ ಈ ವಿಷಯದ ಸಂಶೋಧನೆ, ತರಬೇತಿಗೆ ಡಿಆರ್‌ಟಿಸಿ ಅನ್ನುವ ಕೇಂದ್ರ ಕಟ್ಟಿದರು.

ಅವರ ನಂತರ ಬಂದವರ ಬಗ್ಗೆ ನನ್ನದೊಂದು ತಕರಾರಿದೆ. ಈ ವಿಷಯದ ಪ್ರಬಂಧಗಳನ್ನು ತೆಗೆದು ನೋಡಿ. ಇಂಥ ಕಾಲೇಜಿನ ಓದುಗರ ಸಮೀಕ್ಷೆ, ಅಂಥ ಪತ್ರಿಕೆಯ ಲೇಖನಗಳ ಎಣಿಕೆ. ಇಂಥವೇ ಜಾಸ್ತಿ. ಮೇಷ್ಟ್ರನ್ನು ಬೈದು ಪ್ರಯೋಜನ ಇಲ್ಲ ಬಿಡಿ. ಬಡ್ತಿಗೆ ಲೆಕ್ಕಕ್ಕೆ ಬರುವುದು ಜರ್ನಲ್ ಲೇಖನ. ಒಂದು ಹಳೇ ಮನೆಯ ಅಟ್ಟ ಹತ್ತಿ, ಅಲ್ಲಿರುವುದನ್ನೆಲ್ಲ ಪಟ್ಟಿ ಮಾಡಿ ಬಂದರೆ ಯಾರು ಅಂಕ ಕೊಡುತ್ತಾರೆ?

ಆದರೆ ಮಲೆನಾಡಿನ ನಿಜವಾದ ಲೈಬ್ರರಿ ಇರುವುದು ಆ ಅಟ್ಟದಲ್ಲೇ. ತಾಳೆಗರಿ, ಕೈಬರಹದ ಯಕ್ಷಗಾನ ಪ್ರಸಂಗ, ಅಡಿಕೆ ಮಂಡಿ ಲೆಕ್ಕ. ಅದೃಷ್ಟ ಇದ್ದರೆ ಒಂದು ಕಡತ. ಈಗಿನ ಆಫೀಸ್ ಫೈಲ್ ಅಲ್ಲ, ಹಳೇ ಕಾಲದ್ದು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಉದ್ದಕ್ಕೆ ಮಡಚಿ, ಬಳಪದಲ್ಲಿ ಬರೆದದ್ದು. ಒದ್ದೆ ಕೈಯಲ್ಲಿ ಒರೆಸಿದರೆ ಅಕ್ಷರ ಹೋಯಿತು. ಹೆಂಚು ಒಂದು ಜರುಗಿದರೆ ಸಾಕು, ಒಂದೇ ಮಳೆಗಾಲದಲ್ಲಿ ಎಲ್ಲ ಬೂಸ್ಟು. ಕೆಳದಿಯ ಮ್ಯೂಸಿಯಂನಲ್ಲಿ ಒಂದಷ್ಟು ಉಳಿದಿದೆ, ಪುಣ್ಯ. ಮಿಕ್ಕಿದ್ದು ಯಾವ ಮನೆಯಲ್ಲಿದೆ ಅಂತ ಒಂದು ಪಟ್ಟಿಯಾದರೂ ಬೇಡವಾ?

ನಾನು ಕೇಳುವುದಿಷ್ಟು. ಇಂಥ ಪಟ್ಟಿಗೂ ಲೇಖನದಷ್ಟೇ ಅಂಕ ಕೊಡಿ. ಗ್ರಂಥಾಲಯ ವಿಜ್ಞಾನದಲ್ಲಿ ಎಂ.ಲಿಬ್. ಸ್ನಾತಕೋತ್ತರ ಪದವಿ ಓದುವ ಹುಡುಗರ ಪ್ರಾಜೆಕ್ಟ್ ಇದೇ ಆಗಲಿ. ಮನೆಯವರು ವಸ್ತು ಕೊಡುವುದು ಬೇಡ, ಸುಮ್ನೆ ಫೋಟೊ ಮತ್ತು ವಿವರ ಸಾಕು. ವರ್ಷಕ್ಕೊಂದು ತಾಲ್ಲೂಕು ಹಿಡಿಯಿರಿ. ಹೊಸನಗರದಿಂದ ಶುರು ಮಾಡಿದರೂ ಆಯಿತು. ಜೂನ್ ಮಳೆ ಹಿಡಿಯುವುದಕ್ಕೆ ಮುಂಚೆ ಮಾತ್ರ.