ಅಬ್ಬಿ ಬುಡದಲ್ಲಿ ಒಂದು ಸಭೆ

ಕೇಳುಗರಿಗೆ ನಮಸ್ಕಾರ.

ಸಂಕ್ರಾಂತಿ ಕಳೆಯಿತು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಒಂಟಿಮನೆಗಳಲ್ಲಿ ಈಗ ಎಲ್ಲರ ಕಿವಿ ಅಬ್ಬಿಯತ್ತ, ಅಂದರೆ ಗುಡ್ಡದಿಂದ ತಾನಾಗಿ ಇಳಿದುಬರುವ ನೀರಿನ ಸೆಲೆಯತ್ತ. ತೊಟ್ಟಿಗೆ ಬೀಳುವ ನೀರಿನ ಸದ್ದು ಸಣ್ಣಗಾಯಿತೇ? ಮೇಲಿನ ಮನೆಯವರು ತೋಟಕ್ಕೆ ತಿರುಗಿಸಿಕೊಂಡರೇ? ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೇ ಸುರಿದು ಹರಿದುಹೋಗುತ್ತದೆ. ಏಪ್ರಿಲ್‌ನಲ್ಲಿ ನಮ್ಮ ಪಾಲಿಗಿರುವುದು ಗುಡ್ಡ ಹಿಡಿದಿಟ್ಟುಕೊಂಡಷ್ಟು ಮಾತ್ರ.

ಹಿಂದೆ ಅಡಿಕೆ ಮರ ಸೀಳಿ ತೋಡಿದ ದಂಬೆಗಳನ್ನು ಜೋಡಿಸಿ ನೀರು ತರುತ್ತಿದ್ದರು. ದಂಬೆಯಲ್ಲಿ ಹರಿಯುವ ನೀರು ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಈಗಿನ ಕಪ್ಪು ಪೈಪಿನೊಳಗೆ ಎಷ್ಟು ಹೋಗುತ್ತಿದೆ ಎಂಬುದು ಯಾರಿಗೂ ಕಾಣುವುದಿಲ್ಲ. ಅನುಮಾನ ಮೊಳೆಯುವುದು ಅಲ್ಲಿ. ಆದ್ದರಿಂದ ಒಂದು ಅಬ್ಬಿಯನ್ನು ನಂಬಿದ ಮನೆಗಳೆಲ್ಲ ಪೈಪು ಕೊಳ್ಳುವ ಮೊದಲೇ ಕೂತು ಮಾತಾಡಬೇಕು. ಆ ಮಾತು ಯಾರದೋ ಜಗುಲಿಯಲ್ಲಿ ಬೇಡ, ಅಬ್ಬಿಯ ಬುಡದಲ್ಲೇ ಆಗಲಿ. ಜಗುಲಿಯಲ್ಲಿ ಕೂತರೆ ಮಾತು ಹಳೇ ವ್ಯಾಜ್ಯಕ್ಕೆ ಜಾರುತ್ತದೆ. ನೀರಿನ ಮುಂದೆ ನಿಂತರೆ ನೀರಿನ ಮಾತೇ ನಡೆಯುತ್ತದೆ.

ಒಯ್ಯಬೇಕಾದದ್ದು ಮೂರೇ ವಸ್ತು: 20 ಲೀಟರಿನ ಬಕೆಟ್, ಸೆಕೆಂಡು ತೋರಿಸುವ ಗಡಿಯಾರ ಅಥವಾ ಮೊಬೈಲು, ಒಂದು ನೋಟ್‌ಬುಕ್. ಎಲ್ಲ ನೀರೂ ಒಂದೇ ಧಾರೆಯಾಗಿ ಬೀಳುವಂತೆ ಜೇಡಿಮಣ್ಣಿನಿಂದ ಸಣ್ಣ ಒಡ್ಡು ಕಟ್ಟಿ, ಬಕೆಟ್ ತುಂಬಲು ಎಷ್ಟು ಸೆಕೆಂಡು ಬೇಕೆಂದು ಮೂರು ಸಲ ನೋಡಿ ಸರಾಸರಿ ಬರೆಯಿರಿ. ಹದಿನೈದು ದಿನಕ್ಕೊಮ್ಮೆ, ಪ್ರತಿ ಸಲವೂ ಬೆಳಗಿನ ಅದೇ ಹೊತ್ತಿಗೆ ಅಳೆಯಿರಿ. ಬಿಸಿಲೇರಿದ ಮೇಲೆ ಸುತ್ತಲಿನ ಮರಗಳೂ ನೀರು ಹೀರುವುದರಿಂದ ಮಧ್ಯಾಹ್ನದ ಲೆಕ್ಕ ಬೇರೆಯಾಗಬಹುದು.

ಈಗ ಒಂದು ಲೆಕ್ಕ. ನಿಧಾನವಾಗಿ ಹೇಳುತ್ತೇನೆ, ಬರೆದುಕೊಳ್ಳಿ. ಬಕೆಟ್ 80 ಸೆಕೆಂಡಿಗೆ ತುಂಬಿತು ಎನ್ನಿ. ನಿಮಿಷಕ್ಕೆ 15 ಲೀಟರ್, ದಿನಕ್ಕೆ 21,600 ಲೀಟರ್. ಮೂರರಲ್ಲಿ ಒಂದು ಪಾಲನ್ನು ಹಳ್ಳಕ್ಕೆ ಬಿಡೋಣ. ಅದು ಕೆಳಗಿನ ಊರಿನದು, ಕಾಡುಪ್ರಾಣಿಗಳದ್ದು. ಉಳಿದದ್ದು 14,400 ಲೀಟರ್. ಏಳು ಮನೆ, ಮನೆಗೆ ಐದು ಜನ. ಜಲಜೀವನ್ ಯೋಜನೆಯ ಅಳತೆಯಂತೆ ತಲೆಗೆ 55 ಲೀಟರ್ ಹಿಡಿದರೆ 1,925 ಲೀಟರ್. ಕೊಟ್ಟಿಗೆಗಳಲ್ಲಿ ಒಟ್ಟು ಇಪ್ಪತ್ತು ದನವಿದ್ದರೆ, ಒಂದಕ್ಕೆ 50ರಂತೆ ಇನ್ನೊಂದು ಸಾವಿರ. ಮನೆಗೂ ಕೊಟ್ಟಿಗೆಗೂ ಸೇರಿ 3,000 ಲೀಟರ್ ಸಾಕು. ತೋಟಕ್ಕೆ ಉಳಿಯುವುದು 11,400. ಬೇಸಿಗೆಯಲ್ಲಿ ಹನಿ ನೀರಾವರಿಯಲ್ಲಿ ಅಡಿಕೆ ಮರವೊಂದಕ್ಕೆ ದಿನಕ್ಕೆ 16 ಲೀಟರ್ ಎಂದರೂ ಸುಮಾರು 700 ಮರ, ಮನೆಗೆ ನೂರು.

ಸಭೆಯಲ್ಲಿ ಈ ನೂರು ಮರದ ಲೆಕ್ಕ ಬಾಯಿಂದ ಹೊರಬೀಳಲೇಬೇಕು. ಕುಡಿಯುವ ನೀರಿಗೆ ಕೊರತೆಯಿಲ್ಲ, ಜಗಳವಿರುವುದು ತೋಟದ್ದು ಎಂದು ಆಗ ಎಲ್ಲರಿಗೂ ಗೊತ್ತಾಗುತ್ತದೆ. ಎರಡೆಕರೆ ತೋಟದವರಿಗೂ ತೋಟವೇ ಇಲ್ಲದ ಕೂಲಿ ಮನೆಗೂ ಸಮಪಾಲೇ, ಇಲ್ಲವೇ ಬೇರೆ ಕ್ರಮವೇ ಎಂಬ ಕಷ್ಟದ ಪ್ರಶ್ನೆಯನ್ನು ಅಂದೇ ಎತ್ತಿಕೊಳ್ಳಿ. ಪೈಪಿನ ತುದಿಯ ಮನೆಯವರು ಮೊದಲು ಮಾತಾಡಲಿ. ನೀರು ಹೊರುವ ಹೆಂಗಸರು ಬಾರದ ಸಭೆಯ ತೀರ್ಮಾನ ನಿಲ್ಲುವುದಿಲ್ಲ, ಏಕೆಂದರೆ ಯಾವ ಹೊತ್ತಿಗೆ ಎಷ್ಟು ಕೊಡ ಬೇಕೆಂಬ ಲೆಕ್ಕ ಅವರ ಬಳಿಯೇ ಇರುತ್ತದೆ.

ಕಟ್ಟುಪಾಡನ್ನು ಬಕೆಟ್ಟಿನ ಭಾಷೆಯಲ್ಲೇ ಬರೆಯಿರಿ. ಬಕೆಟ್ ತುಂಬಲು 120 ಸೆಕೆಂಡು ದಾಟಿದರೆ ತೋಟಕ್ಕೆ ದಿನ ಬಿಟ್ಟು ದಿನ. 240 ದಾಟಿದರೆ ತೋಟಕ್ಕೆ ಪೂರ್ತಿ ಬಂದ್. ಇದನ್ನು ಶಾಲೆ ಹುಡುಗರೂ ಹೋಗಿ ನೋಡಿ ಬರಬಹುದು, ಯಾರೂ ಯಾರ ಮಾತನ್ನೂ ನಂಬಿ ಕೂರಬೇಕಿಲ್ಲ. ಮುರಿದವರಿಗೆ ಮೊದಲ ಸಲ ಎಚ್ಚರಿಕೆ, ಆಮೇಲೆ ಸಣ್ಣ ದಂಡ, ಮತ್ತೆ ಮುರಿದರೆ ದೊಡ್ಡದು. ಸಮುದಾಯದ ಆಸ್ತಿಗಳನ್ನು ಅಧ್ಯಯನ ಮಾಡಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಓಸ್ಟ್ರೊಮ್, ಬಹುಕಾಲ ಬಾಳಿದ ವ್ಯವಸ್ಥೆಗಳಲ್ಲಿ ಈ ಮೆಟ್ಟಿಲು ಮೆಟ್ಟಿಲಾದ ದಂಡವನ್ನೂ ಬಳಸುವವರೇ ನಡೆಸುವ ಕಾವಲನ್ನೂ ಗುರುತಿಸಿದರು.

ಇನ್ನು ಹಂಚಿಕೆ ತೊಟ್ಟಿ. ಹೆಚ್ಚಿನ ಕಡೆ ಕೆಡುವುದು ಇಲ್ಲೇ. ಒಂದೇ ಟ್ಯಾಂಕಿಗೆ ಏಳು ಪೈಪು ನೇರ ಜೋಡಿಸಿದರೆ ತಗ್ಗಿನ ಮನೆಯ ಪೈಪು ಹೆಚ್ಚು ಎಳೆಯುತ್ತದೆ. ಅದು ಯಾರ ದುರಾಸೆಯೂ ಅಲ್ಲ, ಇಳಿಜಾರಿನ ಗುಣ. ಆದರೂ ಬೈಗುಳ ತಿನ್ನುವುದು ಆ ಮನೆಯವರು. ಇದಕ್ಕೆ ಪರಿಹಾರವಿದೆ. ತೊಟ್ಟಿಯ ಗೋಡೆಯಲ್ಲಿ ಒಂದೇ ಎತ್ತರಕ್ಕೆ, ಒಂದೇ ಅಳತೆಯ ಏಳು ತೂತು ಕೊರೆಸಿ. ಪ್ರತಿ ತೂತಿನ ನೀರೂ ಗಾಳಿಯಲ್ಲಿ ಬಿದ್ದು ತನ್ನದೇ ಪುಟ್ಟ ಕೋಣೆ ಸೇರಲಿ. ಮನೆಯ ಪೈಪು ಹೊರಡುವುದು ಆ ಕೋಣೆಯ ತಳದಿಂದ. ಕೋಣೆ ತುಂಬಿದರೆ ಹೆಚ್ಚಿನದು ಹಳ್ಳಕ್ಕೆ ಹೋಗಲಿ. ತೊಟ್ಟಿ ಒಂದು ಬೆರಳು ವಾಲಿದರೂ ತಗ್ಗಿನ ಬದಿಯ ತೂತಿಗೆ ಹೆಚ್ಚು ನೀರು. ಅದಕ್ಕೇ ಮಳೆಗಾಲ ಮುಗಿದ ಕೂಡಲೇ ನೀರು ತುಂಬಿ ಮಟ್ಟ ನೋಡುವ ಮೇಸ್ತ್ರಿಗಳ ಲೆವೆಲ್ ಪೈಪು ಹಿಡಿದು ಎಲ್ಲರೆದುರು ಮಟ್ಟ ನೋಡಿಸಿ.

ಅಬ್ಬಿಗೂ ತೊಟ್ಟಿಗೂ ನಡುವಿನ ಇಳಿಜಾರನ್ನೂ ಅದೇ ಲೆವೆಲ್ ಪೈಪಿನಿಂದ ಅಳೆಯಬಹುದು. 32 ಮಿಲಿಮೀಟರಿನ ಪೈಪಿನಲ್ಲಿ ನಿಮಿಷಕ್ಕೆ 10 ಲೀಟರ್ ತರಲು ಕಿಲೋಮೀಟರಿಗೆ ಸುಮಾರು ಐದು ಮೀಟರ್ ಇಳಿಜಾರು ಘರ್ಷಣೆಗೇ ಹೋಗುತ್ತದೆ. ಇಳಿಜಾರು ಅತಿಯಾದರೂ ತೊಂದರೆಯೇ. ಹತ್ತು ಮೀಟರ್ ಇಳಿತಕ್ಕೆ ಚದರ ಸೆಂಟಿಮೀಟರಿಗೆ ಒಂದು ಕಿಲೋದಷ್ಟು ಒತ್ತಡ ಏರುತ್ತದೆ. ಆರು ಕಿಲೋ ತಡೆಯುವ ಪೈಪಿಗೆ 60 ಮೀಟರ್ ಎಂದರೆ ಕಡೆಯ ಮಿತಿ; ಕೆಳಗೆ ನಲ್ಲಿ ಮುಚ್ಚಿದ ಹೊತ್ತಿಗೆ ಒಡೆಯಬಹುದು. 40, 50 ಮೀಟರ್ ಇಳಿತಕ್ಕೊಂದು ತೆರೆದ ತೊಟ್ಟಿ ಇಟ್ಟು ಒತ್ತಡ ಮುರಿಯಿರಿ. ಪೈಪು ದಿಬ್ಬ ಏರಿ ಇಳಿಯುವ ಕಡೆ ಗಾಳಿ ಸಿಕ್ಕಿಬೀಳುತ್ತದೆ, ಅಲ್ಲಿ ಏರ್ ವಾಲ್ವ್ ಬೇಕು. ತಗ್ಗಿನಲ್ಲಿ ಹೂಳು ಕೂರುತ್ತದೆ, ಅಲ್ಲಿ ಹೂಳು ಬಿಡುವ ವಾಲ್ವ್. ತರಗೆಲೆಗೆ ಬೆಂಕಿ ಬಿದ್ದರೆ ಪೈಪೂ ಕರಗುವುದರಿಂದ ಒಂದೂವರೆ ಅಡಿ ಆಳದಲ್ಲಿ ಹೂಳಿ.

ಅಬ್ಬಿಯ ಬಾಯನ್ನು ಅಗೆದು ದೊಡ್ಡದು ಮಾಡಬೇಡಿ. ನೀರು ಬೇರೆ ದಾರಿ ಹಿಡಿದರೆ ಮತ್ತೆ ತಿರುಗಿಸಲಾಗದು. ಮೇಲಿನ ಕಾನು ಎಂಬ ದಟ್ಟ ಕಾಡಿನ, ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟಗಳ ತರಗು ಪೂರ್ತಿ ಗುಡಿಸಿ ತರಬೇಡಿ. ಕಡಿದಾದ ಇಳಿಜಾರಿನಲ್ಲಿ ಇಂಗುಗುಂಡಿಯೂ ಬೇಡ, ನೀರು ಕುಡಿದ ಮಣ್ಣು ಆಷಾಢದಲ್ಲಿ ಜರಿಯಬಹುದು.

ಅಬ್ಬಿ ಅರಣ್ಯದೊಳಗಿದ್ದರೆ 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಸೆಕ್ಷನ್ ನೋಡಿ. ಅದರಲ್ಲಿ ಸರ್ಕಾರ ನಿರ್ವಹಿಸುವ ಕುಡಿಯುವ ನೀರಿನ ಪೈಪ್‌ಲೈನಿಗೆ ಅವಕಾಶವಿದೆ: ಒಂದು ಹೆಕ್ಟೇರಿಗಿಂತ ಕಡಿಮೆ ಜಾಗ, ಗ್ರಾಮಸಭೆಯ ಶಿಫಾರಸು. ಆ ಸಭೆಗೆ ಬಕೆಟ್ಟಿನ ಲೆಕ್ಕದ ನೋಟ್‌ಬುಕ್ಕನ್ನೂ ಒಯ್ಯಿರಿ. ಮೊದಲ ಪುಟ ಇದೇ ವಾರ ಬರೆದರೆ ಮೇ ತಿಂಗಳ ಹೊತ್ತಿಗೆ ಏಳೆಂಟು ಅಳತೆ ಕೈಯಲ್ಲಿರುತ್ತವೆ. ನಮಸ್ಕಾರ.