ಫೋಲ್ಡರ್ ಮಾಡುವುದು ನಿಮ್ಮ ಕೆಲಸವಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ. ಪಿಯು ಕಾಲೇಜಿನ ಕಚೇರಿಯಲ್ಲಿ ಕೂತು ದಾಖಲಾತಿ ನೋಡಿಕೊಳ್ಳುವ ಗುಮಾಸ್ತರೇ, ಆ ಕೆಲಸ ತಲೆಗೆ ಕಟ್ಟಿಸಿಕೊಂಡ ಉಪನ್ಯಾಸಕರೇ, ಇವತ್ತಿನ ಮಾತು ನಿಮಗೆ. ಪೆನ್ನು, ಕಾಗದ ತೆಗೆದಿಟ್ಟುಕೊಳ್ಳಿ, ನಾಲ್ಕು ಸಾಲು ಬರೆದುಕೊಳ್ಳುವುದಿದೆ.

120 ವಿದ್ಯಾರ್ಥಿಗಳು ಸೇರಿದ್ದಾರೆ ಅನ್ನೋಣ. ಒಬ್ಬೊಬ್ಬರಿಗೆ ಒಂದು ಫೋಲ್ಡರ್. ಅದರೊಳಗೆ ಫೋಟೊಕ್ಕೊಂದು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೊಂದು, ಟಿಸಿಗೊಂದು, ಜಾತಿ-ಆದಾಯ ಪ್ರಮಾಣಪತ್ರಕ್ಕೊಂದು. ಒಟ್ಟು 600 ಫೋಲ್ಡರ್ ಆಯಿತು. ರೈಟ್ ಕ್ಲಿಕ್, ನ್ಯೂ, ಫೋಲ್ಡರ್, ಹೆಸರು ಟೈಪಿಸಿ ಎಂಟರ್. ಒಂದಕ್ಕೆ 10 ಸೆಕೆಂಡ್ ಎಂದರೂ 100 ನಿಮಿಷ. ನಡುವೆ ಫೋನ್ ಬಂದರೆ 73ನೇ ಹುಡುಗನ ಟಿಸಿ ಫೋಲ್ಡರ್ ಬಿಟ್ಟುಹೋಗುತ್ತದೆ. ಅದು ಗೊತ್ತಾಗುವುದು ವರ್ಷದ ಕೊನೆಗೆ.

ಒಂದು ಮಾದರಿ ಫೋಲ್ಡರ್ ಮಾಡಿ ಕಾಪಿ-ಪೇಸ್ಟ್ ಮಾಡುತ್ತೇವಲ್ಲ ಅನ್ನುವವರೂ ಇದ್ದೀರಿ. ಸರಿ, ಆಮೇಲೆ 120 ಸಲ ಹೆಸರು ಬದಲಾಯಿಸುವವರು ಯಾರು?

ಆದ್ದರಿಂದ ಮೊದಲು ಪಟ್ಟಿ. ನಾನು ಇವತ್ತು ಹೇಳುವುದು ಇಷ್ಟೇ: ಪಟ್ಟಿ ಮಾಡುವುದು ನಿಮ್ಮ ಕೆಲಸ, ಫೋಲ್ಡರ್ ಮಾಡುವುದು ಕಂಪ್ಯೂಟರಿನ ಕೆಲಸ. ಪಟ್ಟಿ ಹೇಗೂ ನಿಮ್ಮ ಹತ್ತಿರ ಎಕ್ಸೆಲ್‌ನಲ್ಲಿ ಇದ್ದೇ ಇರುತ್ತದೆ. ಹೆಸರಿನ ಕಾಲಮ್ಮನ್ನು ಕಾಪಿ ಮಾಡಿ, ನೋಟ್‌ಪ್ಯಾಡಿನಲ್ಲಿ ಪೇಸ್ಟ್ ಮಾಡಿ. ಸಾಲಿಗೊಂದು ಹೆಸರು. ಹೆಸರಿನ ಮುಂದೆ ಕ್ರಮಸಂಖ್ಯೆ ಇರಲೇಬೇಕು, ಅದೂ ಮೂರು ಅಂಕಿಯಲ್ಲಿ: 001, 002, 003. ಯಾಕೆಂದರೆ ಇಬ್ಬರು ಮಂಜುನಾಥರಿದ್ದರೆ, ಸಂಖ್ಯೆ ಇಲ್ಲದ ಪಟ್ಟಿಯಿಂದ ಒಂದೇ ಮಂಜುನಾಥ ಫೋಲ್ಡರ್ ಹುಟ್ಟುತ್ತದೆ, ಇಬ್ಬರ ಅಂಕಪಟ್ಟಿಯೂ ಅದರೊಳಗೆ ಬೀಳುತ್ತದೆ. ಈ ಪಟ್ಟಿಗೆ ಲಿಸ್ಟ್ ಡಾಟ್ ಟಿ ಎಕ್ಸ್ ಟಿ ಎಂದು ಹೆಸರಿಟ್ಟು, ಫೋಲ್ಡರ್‌ಗಳು ಎಲ್ಲಿ ಬೇಕೋ ಅಲ್ಲೇ ಉಳಿಸಿ.

ಈಗ ನೋಟ್‌ಪ್ಯಾಡಿನಲ್ಲಿ ಇನ್ನೊಂದು ಹೊಸ ಫೈಲ್ ತೆಗೆಯಿರಿ. ಕಂಪ್ಯೂಟರಿಗೆ ಕೊಡುವ ಆದೇಶಗಳನ್ನು ಸಾಲಾಗಿ ಬರೆದಿಡುವ ಇಂಥ ಫೈಲಿಗೆ ಬ್ಯಾಚ್ ಫೈಲ್ ಅನ್ನುತ್ತಾರೆ. ಬರೆದುಕೊಳ್ಳಿ, ನಿಧಾನವಾಗಿಯೇ ಹೇಳುತ್ತೇನೆ. ಎಲ್ಲವೂ ಇಂಗ್ಲಿಷಿನ ಸಣ್ಣ ಅಕ್ಷರಗಳು.

ಮೊದಲ ಸಾಲು: ಸಿ ಎಚ್ ಸಿ ಪಿ, ಸ್ಪೇಸ್, 65001.

ಎರಡನೇ ಸಾಲು: ಸಿ ಡಿ, ಸ್ಪೇಸ್, ಸ್ಲ್ಯಾಶ್, ಡಿ, ಸ್ಪೇಸ್. ಆಮೇಲೆ ಡಬಲ್ ಕೋಟ್, ಪರ್ಸೆಂಟ್, ಕೀಬೋರ್ಡಿನ ಎಡ ಮೂಲೆಯಲ್ಲಿರುವ ಅಲೆಯಂಥ ಗೆರೆ, ಡಿ, ಪಿ, ಸೊನ್ನೆ, ಡಬಲ್ ಕೋಟ್.

ಮೂರನೇ ಸಾಲು ಉದ್ದ. ಎಫ್ ಓ ಆರ್, ಸ್ಪೇಸ್, ಸ್ಲ್ಯಾಶ್, ಎಫ್, ಸ್ಪೇಸ್. ಡಬಲ್ ಕೋಟ್, ಡಿ ಇ ಎಲ್ ಐ ಎಂ ಎಸ್, ಈಕ್ವಲ್ ಚಿಹ್ನೆ, ಡಬಲ್ ಕೋಟ್, ಸ್ಪೇಸ್. ಎರಡು ಪರ್ಸೆಂಟ್, ಎ, ಸ್ಪೇಸ್. ಐ ಎನ್, ಸ್ಪೇಸ್. ಬ್ರ್ಯಾಕೆಟ್ಟಿನೊಳಗೆ ಲಿಸ್ಟ್ ಡಾಟ್ ಟಿ ಎಕ್ಸ್ ಟಿ, ಸ್ಪೇಸ್. ಡಿ ಓ, ಸ್ಪೇಸ್. ಎಂ ಡಿ, ಸ್ಪೇಸ್. ಡಬಲ್ ಕೋಟ್, ಎರಡು ಪರ್ಸೆಂಟ್, ಎ, ಬ್ಯಾಕ್‌ಸ್ಲ್ಯಾಶ್, ಫೋಟೊ, ಡಬಲ್ ಕೋಟ್. ಒಂದು ಸ್ಪೇಸ್ ಬಿಟ್ಟು ಅದೇ ರೀತಿ ಅಂಕಪಟ್ಟಿಗೆ, ಟಿಸಿಗೆ, ಪ್ರಮಾಣಪತ್ರಕ್ಕೆ. ನಾಲ್ಕೂ ಅದೇ ಸಾಲಿನಲ್ಲಿ ಇರಬೇಕು, ನಡುವೆ ಎಂಟರ್ ಒತ್ತಬೇಡಿ.

ನಾಲ್ಕನೇ ಸಾಲು: ಪಿ ಎ ಯು ಎಸ್ ಇ, ಪಾಸ್.

ಉಳಿಸುವಾಗ ಕೆಳಗಡೆ ಸೇವ್ ಆ್ಯಸ್ ಟೈಪ್ ಎಂಬಲ್ಲಿ ಆಲ್ ಫೈಲ್ಸ್ ಆರಿಸಿ, ಹೆಸರಿನ ಕೊನೆಗೆ ಡಾಟ್ ಬಿ ಎ ಟಿ ಹಾಕಿ. ಇದನ್ನು ಮರೆತರೆ ಡಾಟ್ ಟಿ ಎಕ್ಸ್ ಟಿ ಬಾಲಕ್ಕೆ ಸೇರಿಕೊಳ್ಳುತ್ತದೆ. ಡಬಲ್ ಕ್ಲಿಕ್ ಮಾಡಿದರೆ ನೋಟ್‌ಪ್ಯಾಡೇ ತೆರೆಯುತ್ತದೆ, ಕೆಲಸ ನಡೆಯುವುದಿಲ್ಲ. ಎರಡೂ ಫೈಲ್ ಒಂದೇ ಜಾಗದಲ್ಲಿರಲಿ. ಡಬಲ್ ಕ್ಲಿಕ್ ಮಾಡಿ. 600 ಫೋಲ್ಡರ್ ಕೆಲವೇ ಕ್ಷಣದಲ್ಲಿ ಸಿದ್ಧ.

ಎಲ್ಲಿ ಕೈಕೊಡುತ್ತದೆ? ಡಿಲಿಮ್ಸ್ ಈಕ್ವಲ್ ಬಿಟ್ಟರೆ ಕಂಪ್ಯೂಟರ್ ಸಾಲಿನ ಮೊದಲ ಪದವನ್ನಷ್ಟೇ ಓದುತ್ತದೆ. 014 ಕಾವ್ಯ ಹೆಗಡೆ ಬದಲು ಬರೀ 014. ಡಬಲ್ ಕೋಟ್ ಬಿಟ್ಟರೆ ಸ್ಪೇಸ್ ಇದ್ದಲ್ಲೆಲ್ಲ ಹೆಸರು ತುಂಡಾಗಿ ಬೇರೆ ಬೇರೆ ಫೋಲ್ಡರ್ ಆಗುತ್ತದೆ. ಪರ್ಸೆಂಟ್ ಒಂದೇ ಹಾಕಿದರೆ ಬ್ಯಾಚ್ ಫೈಲ್ ನಡೆಯುವುದೇ ಇಲ್ಲ, ಎರಡು ಬೇಕೇ ಬೇಕು. ಎರಡನೇ ಸಾಲು ಬಿಟ್ಟು, ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಎಂದು ಓಡಿಸಿದರೆ ಕಂಪ್ಯೂಟರ್ ವಿಂಡೋಸಿನ ಸಿಸ್ಟಮ್ 32 ಎಂಬ ಜಾಗದಲ್ಲಿ ನಿಂತು ನಿಮ್ಮ ಪಟ್ಟಿಗಾಗಿ ಹುಡುಕುತ್ತದೆ. ಅಲ್ಲಿ ಪಟ್ಟಿ ಎಲ್ಲಿಂದ ಬರಬೇಕು? ಇನ್ನು ನಮ್ಮ ಕಚೇರಿಗಳ ಓರೆಗೆರೆ: 45/2024-25 ಅನ್ನುವ ಸಂಖ್ಯೆಯನ್ನು ಫೋಲ್ಡರಿಗೆ ಇಡಬೇಡಿ. ಓರೆಗೆರೆ ಇದ್ದಲ್ಲೆಲ್ಲ ಹೈಫನ್ ಹಾಕಿ. ಈ ತಿದ್ದುಪಡಿಯನ್ನೂ ಪಟ್ಟಿಯಲ್ಲೇ ಮಾಡಿ. ಫೋಲ್ಡರ್ ಮುಟ್ಟಬೇಡಿ, ಪಟ್ಟಿ ತಿದ್ದಿ.

ಪಾಸ್ ಎಂಬ ಕೊನೆಯ ಸಾಲು ಯಾಕೆ ಅಂದರೆ, ಅದಿಲ್ಲದಿದ್ದರೆ ಕಪ್ಪು ಕಿಟಕಿ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮಾಯವಾಗುತ್ತದೆ. ಯಾವ ಫೋಲ್ಡರ್ ಆಗಲಿಲ್ಲ ಎಂದು ಅದು ಹೇಳಿದ್ದು ನಿಮಗೆ ಕಾಣುವುದೇ ಇಲ್ಲ. ಆಗದೆ ಹೋಗುವ ಫೋಲ್ಡರ್ ಅಂದಾಗ ಒಂದು ಕಥೆ ಹೇಳಲೇಬೇಕು.

ಇಮೇಲ್ ಹೊಸದಾಗಿದ್ದ ಕಾಲದಲ್ಲಿ ಒಂದು ಸಂದೇಶ ಊರೂರು ಸುತ್ತಿತು. ಸಿ ಓ ಎನ್, ಕಾನ್, ಈ ಹೆಸರಿನ ಫೋಲ್ಡರನ್ನು ಯಾರಿಂದಲೂ ಮಾಡಲಾಗದು, ಇದನ್ನು ಕಂಡುಹಿಡಿದವನು ಒಬ್ಬ ಭಾರತೀಯ, ಯಾಕೆ ಹೀಗೆ ಎಂದು ಮೈಕ್ರೋಸಾಫ್ಟಿಗೇ ಗೊತ್ತಿಲ್ಲ ಎಂದು. ಜನ ಮಾಡಿ ನೋಡಿದರು. ನಿಜಕ್ಕೂ ಆಗಲಿಲ್ಲ! ಎದೆಯುಬ್ಬಿಸಿ ಇನ್ನೂ ಹತ್ತು ಜನಕ್ಕೆ ಕಳಿಸಿದರು. ಆಗದಿರುವುದು ನಿಜ, ಉಳಿದದ್ದು ಬುರುಡೆ. 1970ರ ದಶಕದಲ್ಲಿ ಗ್ಯಾರಿ ಕಿಲ್ಡಾಲ್ ಬರೆದ ಸಿಪಿ/ಎಂ ಎಂಬ ವ್ಯವಸ್ಥೆಯಲ್ಲಿ ಕಾನ್ ಅಂದರೆ ಕನ್ಸೋಲ್, ಅಂದರೆ ಕೀಬೋರ್ಡ್ ಮತ್ತು ಪರದೆ. 1981ರಲ್ಲಿ ಐಬಿಎಂ ಪಿಸಿಯ ಜತೆ ಬಂದ, ವಿಂಡೋಸಿಗೂ ಮೊದಲಿನ ಡಾಸ್ ಎಂಬ ವ್ಯವಸ್ಥೆ ಅದೇ ಪದ್ಧತಿ ಹಿಡಿಯಿತು. ಡಾಸ್ ಕಲಿತವರಿಗೆ ಕಾಪಿ ಕಾನ್ ನೆನಪಿರಬೇಕು: ಕೀಬೋರ್ಡಿನಲ್ಲಿ ಹೊಡೆದದ್ದು ನೇರ ಫೈಲಿಗೆ ಹೋಗುತ್ತಿತ್ತು. ಆ ಮೊದಲ ಡಾಸಿನಲ್ಲಿ ಫೋಲ್ಡರುಗಳೇ ಇರಲಿಲ್ಲ. 1983ರಲ್ಲಿ, ಡಾಸ್ 2ರಲ್ಲಿ ಬಂದವು. ಹಳೆಯ ಪ್ರೋಗ್ರಾಮುಗಳು ಕೆಡಬಾರದೆಂದು ಕಾನ್ ಅನ್ನು ಎಲ್ಲ ಫೋಲ್ಡರಿನಲ್ಲೂ ಸಾಧನದ ಹೆಸರಾಗಿಯೇ ಉಳಿಸಿಕೊಂಡರು. ವಿಂಡೋಸ್ 95, 98ರಲ್ಲಂತೂ ಕಾನ್ ಬ್ಯಾಕ್‌ಸ್ಲ್ಯಾಶ್ ಕಾನ್ ಎಂಬ ವಿಳಾಸ ತೆರೆದರೆ ಇಡೀ ಯಂತ್ರವೇ ನಿಂತುಬಿಡುತ್ತಿತ್ತು. ಮೈಕ್ರೋಸಾಫ್ಟ್ ಅದನ್ನು ಸರಿಪಡಿಸಿದ್ದು 2000ರಲ್ಲಿ.

ಇದು ನಿಮಗೆ ಯಾಕೆ ಬೇಕು? ಅದೇ ಗುಂಪಿನಲ್ಲಿ ಇನ್ನೂ ಹೆಸರುಗಳಿವೆ: ಪಿ ಆರ್ ಎನ್, ಎ ಯು ಎಕ್ಸ್, ಎನ್ ಯು ಎಲ್, ಎಲ್ ಪಿ ಟಿ 1ರಿಂದ 9, ಮತ್ತು ಸಿ ಓ ಎಂ 1ರಿಂದ 9. ಸಿ ಓ ಎಂ 1! ಕಾಮರ್ಸ್ ಒಂದನೇ ವಿಭಾಗಕ್ಕೆ ಯಾರಾದರೂ ಇಡುವ ಹೆಸರೇ ಅದು. ವಿಂಡೋಸ್ 10 ಅದನ್ನು ಫೋಲ್ಡರ್ ಎಂದು ಒಪ್ಪುವುದಿಲ್ಲ, ಅದು ಕಂಪ್ಯೂಟರಿನ ಹಿಂಬದಿಯ ಸೀರಿಯಲ್ ಪೋರ್ಟಿನ ಹೆಸರು. ಸೈನ್ಸ್, ಆರ್ಟ್ಸ್ ಎಲ್ಲ ಆಗಿ, ಒಂದು ಇಡೀ ವಿಭಾಗ ಮಾತ್ರ ಕಾಣೆ. ನಡುವೆ ಹೈಫನ್ ಹಾಕಿ: ಸಿ ಓ ಎಂ ಹೈಫನ್ 1. ಮುಗಿಯಿತು.

ಸಮಯ ಕಡಿಮೆಯಿದೆ ಎಂದು ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ, ಬೇಗ ಹೇಳಿಬಿಡುತ್ತೇನೆ. ಕನ್ನಡದಲ್ಲಿ ಹೆಸರಿಡಬಹುದು, ಮೊದಲ ಸಾಲಿನ 65001 ಅದಕ್ಕಾಗಿಯೇ ಇರುವುದು. ಆದರೆ ಪಟ್ಟಿ ಯೂನಿಕೋಡ್ ಕನ್ನಡದಲ್ಲಿರಬೇಕು. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ ಪಟ್ಟಿಯಾದರೆ ಫೋಲ್ಡರ್ ಹೆಸರುಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಉಳಿಸುವಾಗ ಎನ್‌ಕೋಡಿಂಗ್ ಎಂಬಲ್ಲಿ ಯುಟಿಎಫ್-8 ಇರಲಿ, ಬಿಓಎಂ ಎಂದು ಸೇರಿರುವುದು ಬೇಡ. ಹೆಸರುಗಳು ಚಿಕ್ಕದಾಗಿರಲಿ, ಡ್ರೈವಿನಿಂದ ಹಿಡಿದು ಫೈಲಿನ ಹೆಸರಿನವರೆಗಿನ ಪೂರ್ತಿ ವಿಳಾಸ 260 ಅಕ್ಷರ ದಾಟಿದರೆ ಫೈಲ್ ಕಾಪಿಯಾಗಲು ಒಪ್ಪುವುದಿಲ್ಲ.

ತಡವಾಗಿ ಸೇರಿದ ಐದು ಮಕ್ಕಳ ಹೆಸರನ್ನು ಪಟ್ಟಿಯ ಕೊನೆಗೆ ಸೇರಿಸಿ, ಮತ್ತೆ ಡಬಲ್ ಕ್ಲಿಕ್ ಮಾಡಿ. ಇರುವ ಫೋಲ್ಡರಿಗೆ ಆಗಲೇ ಇದೆ ಎನ್ನುತ್ತದೆ, ಒಳಗಿನ ಫೈಲ್ ಮುಟ್ಟುವುದಿಲ್ಲ. ಇಲ್ಲದ್ದನ್ನು ಮಾತ್ರ ಮಾಡುತ್ತದೆ. ಮೊದಲ ಸಲ ಮಾತ್ರ ಮೂರೇ ಹೆಸರಿನ ಪಟ್ಟಿ ಹಾಕಿ ನೋಡಿ, ಯಾಕೆಂದರೆ ತಪ್ಪಾದ 600 ಫೋಲ್ಡರನ್ನು ಕಂಟ್ರೋಲ್ ಜಡ್ ಒತ್ತಿ ವಾಪಸು ಪಡೆಯಲಾಗದು. ನಮಸ್ಕಾರ.