ಪಿಕಪ್ ಕೊಳ್ಳುವ ಮುಂಚೆ ಡ್ರೈವರ್ ಬಾಗಿಲು ತೆಗೆದು ನೋಡಿ

ನಮಸ್ಕಾರ. ಡಲ್ಲಾಸ್ ಹೊರಗಿನ ಒಂದು ಟ್ರಕ್ ಸ್ಟಾಪಿನಲ್ಲಿದ್ದೇವೆ. ಹಿಂದೆ ಕಾಣುತ್ತಿರುವುದು ನಮ್ಮ ಹೊಸ ಪಿಕಪ್, ಅದಕ್ಕೆ ಕಟ್ಟಿರುವುದು ಕ್ಯಾಂಪಿಂಗ್ ಟ್ರೈಲರ್. ಎರಡನ್ನೂ ತೂಕಕ್ಕೆ ಹಾಕಲು ಬಂದಿದ್ದೇವೆ.

ಹೋದ ವರ್ಷ ಇದ್ದದ್ದು ಹಾಫ್ ಟನ್ ಗಾಡಿ. ಅದು ಬರೀ ಹೆಸರು, ದೊಡ್ಡ ಪಿಕಪ್‌ಗಳಲ್ಲಿ ಹಗುರದ ಸಾಲು ಅಂತ ಅರ್ಥ. ಎಫ್-150, ಸಿಲ್ವರಾಡೋ 1500, ರ‍್ಯಾಮ್ 1500 ಎಲ್ಲ ಆ ಸಾಲಿನವೇ. ಜಾಹೀರಾತಿನಲ್ಲಿ 11,000 ಪೌಂಡ್ ಎಳೆಯುತ್ತೆ ಅಂತಿತ್ತು, ಅಂದರೆ ಹತ್ತಿರ ಹತ್ತಿರ 5,000 ಕೆಜಿ. ನಮ್ಮ ಟ್ರೈಲರ್ ಸಾಮಾನು ತುಂಬಿದರೂ 3,400. ಇನ್ನೇನು ಬೇಕು ಅಂದುಕೊಂಡೆವು. ಮೊದಲ ಪ್ರಯಾಣದಲ್ಲೇ ಗಾಡಿಯ ಹಿಂಭಾಗ ಕುಸಿದು ಕೂತಿತು. ಹೆಡ್‌ಲೈಟ್ ಬೆಳಕು ಮರದ ತುದಿಗೆ ಬೀಳುತ್ತಿತ್ತು. ಸ್ಟೀರಿಂಗ್ ಕೈಗೆ ಹಗುರ ಅನ್ನಿಸುತ್ತಿತ್ತು. ದೊಡ್ಡ ಲಾರಿ ಪಕ್ಕದಲ್ಲಿ ಹಾದಾಗಲೆಲ್ಲ ಟ್ರೈಲರ್ ಓಲಾಡುತ್ತಿತ್ತು. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು. ತುಂಬಾ ಹೆದರಿದ್ದೆ.

ಉತ್ತರ ಡ್ರೈವರ್ ಬಾಗಿಲಿನ ಕಂಬದ ಮೇಲೇ ಇತ್ತು. ಅಲ್ಲೊಂದು ಸ್ಟಿಕರ್ ಇರುತ್ತೆ: ಜನ, ಸಾಮಾನು ಸೇರಿ ಇಷ್ಟು ತೂಕ ಮೀರಬಾರದು ಅಂತ. ಅದೇ ಪೇಲೋಡ್. ನಮ್ಮದರಲ್ಲಿ 690 ಕೆಜಿ.

ಟ್ರೈಲರ್ ಸುಮ್ನೆ ಹಿಂದೆ ಬರುವುದಿಲ್ಲ, ಹಿಚ್ ಮೇಲೆ, ಅಂದರೆ ಅದನ್ನು ಪಿಕಪ್ಪಿಗೆ ಕಟ್ಟುವ ಕೊಂಡಿಯ ಮೇಲೆ ಒತ್ತುತ್ತೆ. ಆ ಭಾರವೂ ಪೇಲೋಡಿನ ಲೆಕ್ಕಕ್ಕೇ ಸೇರುತ್ತೆ. ಅದರ ತೂಕದಲ್ಲಿ ನೂರಕ್ಕೆ 10ರಿಂದ 15 ಭಾಗ ಅಲ್ಲಿ ಕೂರಬೇಕು. ಎತ್ತಿನ ಗಾಡಿಗೆ ಹೇರುವುದನ್ನು ನೋಡಿದವರಿಗೆ ಇದು ಗೊತ್ತು. ಮುಂದೆ ಜಾಸ್ತಿ ಆದರೆ ನೊಗ ಹೆಗಲು ಒತ್ತುತ್ತೆ. ಹಿಂದೆ ಜಾಸ್ತಿ ಆದರೆ ಮೂಕಿ ಮೇಲೆದ್ದುಬಿಡುತ್ತೆ. ಹಿಚ್ ಭಾರ ತಪ್ಪಿಸೋಣ ಅಂತ ಸಾಮಾನನ್ನೆಲ್ಲ ಟ್ರೈಲರಿನ ಹಿಂದಕ್ಕೆ ತಳ್ಳಿದರೆ ಓಲಾಟ ಇನ್ನೂ ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ.

ನಮ್ಮ ಲೆಕ್ಕ ಕೇಳಿ. ಹಿಚ್ ಮೇಲೆ ಬೀಳುವ ಭಾರ 430. ಹಿಚ್ಚಿನ ಕಬ್ಬಿಣವೇ 40. 690ರಲ್ಲಿ ಉಳಿದದ್ದು 220. ನಾವು ನಾಲ್ಕು ಜನ ಕೂತರೆ 230! ಜನರೇಟರ್, ಐಸ್ ಪೆಟ್ಟಿಗೆ ಇನ್ನೂ ಹತ್ತಿಸಿಯೇ ಇಲ್ಲ.

ಹಾಗಾಗಿ ಮುಕ್ಕಾಲು ಟನ್ನಿನ ಸಾಲಿಗೆ ಹೋದೆವು, ಎಫ್-250, ರ‍್ಯಾಮ್ 2500 ಥರದವು. ಡೀಸೆಲ್ ತಗೊಳ್ಳಿ ಅಂತ ಎಲ್ಲರೂ ಹೇಳಿದರು. ಘಾಟಿ ಹತ್ತುವಾಗ ಅದರ ಎಳೆತವೇ ಬೇರೆ, ನಿಜ. ಆದರೆ ಎಂಜಿನ್ನೇ ಭಾರ, ಆ ಭಾರ ಪೇಲೋಡಿನಲ್ಲೇ ಕಳೆಯುತ್ತೆ. ಅಕ್ಕಪಕ್ಕ ನಿಂತಿದ್ದ ಎರಡು ಗಾಡಿಗಳ ಬಾಗಿಲು ತೆಗೆದು ನೋಡಿದೆ. ಪೆಟ್ರೋಲಿನದಕ್ಕೆ 1,360 ಕೆಜಿ, ಡೀಸೆಲಿನದಕ್ಕೆ 1,000 ಚಿಲ್ಲರೆ. ಪೆಟ್ರೋಲಿನದನ್ನೇ ತಗೊಂಡೆವು. ನೀವು 6,000 ಕೆಜಿಯ ಫಿಫ್ತ್ ವೀಲ್, ಅಂದರೆ ಪಿಕಪ್ಪಿನ ಹಿಂದಿನ ತೊಟ್ಟಿಯೊಳಗೇ ಕೊಂಡಿ ಕೂರುವ ದೊಡ್ಡ ಟ್ರೈಲರ್ ಎಳೆಯುವವರಾದರೆ ಒಂದು ಟನ್ನಿನದನ್ನೇ ನೋಡಿ. ಅದರ ಐದನೇ ಒಂದು ಭಾಗದಷ್ಟು ತೂಕ ಪಿಕಪ್ಪಿನ ಬೆನ್ನ ಮೇಲೇ ಕೂರುತ್ತೆ.

ಈಗ ಕ್ಯಾಟ್ ಸ್ಕೇಲ್ ಮೇಲೆ, ಅಂದರೆ ಟ್ರಕ್ ಸ್ಟಾಪಿನ ಲಾರಿ ತೂಗುವ ತಕ್ಕಡಿಯ ಮೇಲೆ ನಿಂತಿದ್ದೇವೆ. ಮುಂದಿನ ಅಚ್ಚು, ಹಿಂದಿನ ಅಚ್ಚು, ಟ್ರೈಲರ್, ಮೂರನ್ನೂ ಬೇರೆ ಬೇರೆ ತೂಗುತ್ತೆ. ಎಲ್ಲರೂ ಸೀಟಿನಲ್ಲೇ ಇದ್ದೇವೆ, ಜನರೇಟರೂ ಹತ್ತಿದೆ. ಚೀಟಿ ಬಂತು, ಮಗಳೇ ಓದುತ್ತಿದ್ದಾಳೆ. ಹಿಂದಿನ ಅಚ್ಚಿನ ಮಿತಿಗೆ ಇನ್ನೂ 400 ಕೆಜಿ ಬಾಕಿ ಇದೆ.